ಬೇರೆ ಯಾರೋ ಕುಪ್ಪಸಾಮಿ

ಮೆಟ್ಟುಪಾಳ್ಯಂ
ಶುಕ್ರವಾರ, 14 ನವೆಂಬರ್ 2025

ಪ್ರೀತಿಯ ಜಯಕ್ಕನಿಗೆ,

ಇವತ್ತು ಬೆಳಗ್ಗೆ ಹಾಲು ತರಲು ಹೋದಾಗ ಬಸ್ ನಿಲ್ದಾಣದ ಗೋಡೆಗೆ ಮುಂಗಾಲು ಊರಿ ನಿಂತು ಒಂದು ಮೇಕೆ ಪೋಸ್ಟರ್ ತಿನ್ನುತ್ತಿತ್ತು. ಮೈದಾ ಅಂಟಿನ ರುಚಿ ಹತ್ತಿರಬೇಕು. ಫೋಟೋದ ಒಂದು ಕಿವಿ ಆಗಲೇ ಹೋಗಿತ್ತು. ಓಡಿಸೋಣ ಅನ್ನಿಸಿತು, ಆದರೆ ಟೀ ಅಂಗಡಿಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಹಾಲಿನ ಪಾತ್ರೆ ಹಿಡಿದು ಸ್ವಲ್ಪ ಹೊತ್ತು ನಿಂತೆ, ಆಮೇಲೆ ತಲೆ ತಗ್ಗಿಸಿಕೊಂಡು ಬಂದುಬಿಟ್ಟೆ.

ಅದು ಅಪ್ಪನ ಶ್ರದ್ಧಾಂಜಲಿ ಪೋಸ್ಟರ್, ಅಕ್ಕ.

ಈ ಒಂದು ಸಾಲು ಬರೆಯಲು ಸೋಮವಾರದಿಂದ ಒದ್ದಾಡುತ್ತಿದ್ದೇನೆ. ಸೋಮವಾರ ಬೆಳಗಿನ ಜಾವ ಅಪ್ಪ ಆಲೂಗೆಡ್ಡೆ ಮಂಡಿಯಲ್ಲಿ ಟೆಂಪೋ ನಿಲ್ಲಿಸಿ, ಇಳಿಯುವ ಮೊದಲೇ ಸ್ಟಿಯರಿಂಗ್ ಮೇಲೆ ಒರಗಿಬಿಟ್ಟರಂತೆ. ಪಾಪ, ನಿದ್ದೆಗೆಟ್ಟು ಬಂದಿದ್ದಾರೆ ಎಂದು ಮೂಟೆ ಇಳಿಸುವವರು ಎಬ್ಬಿಸಲಿಲ್ಲ. ಗಾಡಿ ಖಾಲಿಯಾದ ಮೇಲೆ ಟೀ ಕೊಡಲು ಹೋಗಿ ಕೈ ಮುಟ್ಟಿದಾಗ ತಣ್ಣಗಿತ್ತು. ನೋವು ತಿಂದಂತೆ ಮುಖ ಇರಲಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ನಾನೇ ನೋಡಿದೆ.

ಕನ್ನಡದಲ್ಲೇ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಎಲ್ಲರೂ ಆಡುವ, ನನ್ನ ಬಿಟ್ಟು ಯಾರೂ ಓದಲಾರದ ಭಾಷೆ. ಮೈಸೂರಿಗೆ ಹೋದ ಹೊಸದರಲ್ಲಿ ನೀನು ನಿನ್ನ ಅತ್ತೆಯಿಂದ ಅಕ್ಷರ ಕಲಿತು, ನನ್ನ ಹಾಸ್ಟೆಲ್ಲಿಗೆ ಒಂದು ಕಾಗುಣಿತದ ಪುಸ್ತಕ ಕಳಿಸಿದೆ. ಕಾಗದ ಅಪ್ಪನ ಕೈಗೆ ಸಿಕ್ಕರೂ ಗೊತ್ತಾಗದಿರಲಿ ಎಂದು. ತಮಿಳು ಸಾಹಿತ್ಯದಲ್ಲಿ ಎಂ.ಎ. ಓದುತ್ತಿದ್ದ ನಾನು ಮನೆಮಾತಿನ ಅಕ್ಷರವನ್ನು ಹಾಗೆ ಕದ್ದು ಕಲಿತೆ. ಈಗ ಅಡಗಿಸಬೇಕಾದವರು ಇಲ್ಲ. ಆದರೂ ಕೋಣೆಯ ಬಾಗಿಲು ಹಾಕಿಕೊಂಡೇ ಕೂತಿದ್ದೇನೆ.

ಅವತ್ತೇ ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀ. ಅದಕ್ಕೆ ಉತ್ತರ ಕೊಡಬೇಕಾದರೆ ನಮ್ಮೂರ ಕುಪ್ಪಸಾಮಿಗಳಿಂದಲೇ ಶುರುಮಾಡಬೇಕು. ನಿನಗೆ ಗೊತ್ತಿರುವ ಕಥೆಯೇ. ಅಪ್ಪ ಹುಟ್ಟುವ ಹಿಂದಿನ ವರ್ಷ ಊರಿಗೆ ಸಿಡುಬು ಬಂದು ತೊಟ್ಟಿಲುಗಳೆಲ್ಲ ಬರಿದಾದವು. ಮರುವರ್ಷ ಹುಟ್ಟಿದ ಗಂಡುಕೂಸುಗಳನ್ನು ಕಸದ ಕುಪ್ಪೆಯ ಮೇಲೆ ಉರುಳಿಸಿ, ಒಂದು ಮೊರ ತೌಡು ಕೊಟ್ಟು ಮತ್ತೆ ಕೊಂಡುಕೊಂಡ ಹಾಗೆ ಮಾಡಿ, ಕುಪ್ಪಸಾಮಿ ಎಂದು ಕರೆದರು. ಇದು ಯಾರಿಗೂ ಬೇಡದ ಕಸ ಎಂದುಕೊಂಡು ಸಾವು ದಾಟಿಹೋಗಲಿ ಎಂದು. ಹಾಗೆ ದಾಟಿಸಿದ ನಾಲ್ವರೂ ಉಳಿದರು. ಒಬ್ಬರು ರೈಲ್ವೆ ತಂಡಕ್ಕೆ ಆಡಿದ ಕಬಡ್ಡಿ ಕುಪ್ಪಸಾಮಿ. ಇನ್ನೊಬ್ಬರು ಪೆರಿಯನಾಯಕನಪಾಳ್ಯದಲ್ಲಿ ಕಾರ್ಖಾನೆ ಇಟ್ಟ ಪಂಪ್‌ಸೆಟ್ ಕುಪ್ಪಸಾಮಿ. ಮತ್ತೊಬ್ಬರು ಕೊಯಮತ್ತೂರಿನ ಮಕ್ಕಳ ಡಾಕ್ಟರ್ ಕುಪ್ಪಸಾಮಿ. ಉಳಿದವರು ನಮ್ಮಪ್ಪ. ಯಾರಾದರೂ ಹೊಸಬರು ಬಂದು ಕುಪ್ಪಸಾಮಿ ಮನೆ ಕೇಳಿದರೆ ಟೀ ಅಂಗಡಿಯವರು, "ಯಾವ ಕುಪ್ಪಸಾಮಿ? ಕಬಡ್ಡಿಯಾ, ಡಾಕ್ಟರಾ, ಚುಮ್ಮಾ ಕುಪ್ಪಸಾಮಿಯಾ?" ಅನ್ನುತ್ತಿದ್ದರು. ಸುಮ್ಮನೆ ಕುಪ್ಪಸಾಮಿ ಎಂದರೆ ಅಪ್ಪ.

ಅಪ್ಪನಿಗೆ ಅದರಿಂದ ಒಂದು ದಿನವೂ ಬೇಜಾರಾಗಿದ್ದನ್ನು ನಾನು ನೋಡಲಿಲ್ಲ. ಉಳಿದ ಮೂವರಲ್ಲಿ ಯಾರ ಸುದ್ದಿ ಬಂದರೂ, "ಜಾನಿ, ಇವತ್ತು ಪೇಪರಲ್ಲಿ ನಾನು ಬಂದಿದೀನಿ ನೋಡು" ಎಂದು ಅಮ್ಮನ ಮುಂದೆ ಹಿಡಿಯುತ್ತಿದ್ದರು. ಅಮ್ಮ ಫೋಟೋವನ್ನೂ ಅಪ್ಪನ ಬೋಳು ತಲೆಯನ್ನೂ ನೋಡಿ, "ಬಂದಿದೀರಿ, ತಲೇಲಿ ಕೂದಲೂ ಬಂದಿದೆ" ಅನ್ನುತ್ತಿದ್ದಳು.

ಸೋಮವಾರ ಅಪ್ಪನನ್ನು ಮನೆಗೆ ತಂದು ಮಲಗಿಸಿದ ಕೂಡಲೇ ನಿನ್ನ ವಿಷಯ ಬಂತು. ಕುಮರೇಶನ್ ಚಿಕ್ಕಪ್ಪ ಪಂಚೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತು ಹೇಳಿದರು, "ಇರೋವಾಗ ಅವಳ ಮುಖ ನೋಡಲ್ಲ ಅಂದೋನು ಅಣ್ಣ. ಹೋದ್ಮೇಲೆ ಅವನ ಮಾತು ಮೀರಬೇಕಾ?" ನಿನ್ನ ಮದುವೆಯ ಸುದ್ದಿ ಕೇಳಿದ ದಿನ ಹರ್ಷ ಭಾವನ ಬಗ್ಗೆ ಅಪ್ಪ ಅಂದದ್ದನ್ನೂ ಮತ್ತೆ ಹೇಳಿದರು, ನಮ್ಮ ಮಾತಾಡ್ತಾನೆ, ಆದ್ರೆ ನಮ್ಮೋನಲ್ಲ ಎಂದು. ಅಮ್ಮ ನನ್ನ ಕಡೆ ತಿರುಗಿ, "ನೀ ಹಿಂದ್ಗಡೆ ಹೋಗಿ ಫೋನ್ ಮಾಡು, ನನ್ನ ಕಣ್ಣು" ಅಂದಳು.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ನಿನ್ನ ಹೆಸರು ಹುಡುಕುತ್ತಿದ್ದೆ. ಅಷ್ಟರಲ್ಲಿ ನಮ್ಮೂರ ತಮಿಳು ವಾಟ್ಸಾಪ್ ಗುಂಪಿನಲ್ಲಿ ಒಂದರ ಮೇಲೊಂದು ಬರತೊಡಗಿತು. ಮಂಡಿಯಿಂದ ಯಾರೋ "ಕುಪ್ಪಸಾಮಿ ಇನ್ನಿಲ್ಲ" ಎಂದಷ್ಟೇ ಹಾಕಿದ್ದರು. ಇನ್ಯಾರೋ ಅದರ ಕೆಳಗೆ ಡಾಕ್ಟರ ಫೋಟೋ ಸೇರಿಸಿದ್ದರು. ಊರಿಗೆ ಊರೇ ಅಳುತ್ತಿತ್ತು. ಆಮೇಲೆ ಗುಂಪು ನೋಡಿಕೊಳ್ಳುವ ತಿರುಮಲೈಸಾಮಿ ಅಣ್ಣ ಬರೆದರು: "ಡಾಕ್ಟರಿಗೆ ಏನೂ ಆಗಿಲ್ಲ, ಈಗಷ್ಟೇ ಮಾತಾಡಿದೆ. ಹೋದದ್ದು ಬೇರೆ ಯಾರೋ ಕುಪ್ಪಸಾಮಿ." ಅವರಿಗೂ ಆಗ ಗೊತ್ತಿರಲಿಲ್ಲ. ಅದರ ಕೆಳಗೆ ಎಲ್ಲರೂ ದೇವರಿಗೆ ಕೈ ಮುಗಿದರು.

ಅವರಲ್ಲಿ ನೀನೂ ಇದ್ದೆ, ಅಕ್ಕ. "ಈಗ ಉಸಿರು ಬಂತು. ನಮ್ಮ ಡಾಕ್ಟರ್ ಚೆನ್ನಾಗಿದ್ದಾರಲ್ಲ, ಅಷ್ಟೇ ಸಾಕು" ಎಂದು ನೀನು ಬರೆದದ್ದು ನಾನು ನಿನಗೆ ಫೋನ್ ಹಚ್ಚಬೇಕೆಂದು ಬೆರಳು ಇಟ್ಟಾಗಲೇ ಕಾಣಿಸಿತು. ಪಕ್ಕದಲ್ಲಿ ಪಾಪುವನ್ನು ಎತ್ತಿಕೊಂಡ ನಿನ್ನ ಪುಟ್ಟ ಫೋಟೋ.

ನೀನು ಯಾಕೆ ಬರೆದೆ ಎಂದು ನನಗೆ ಗೊತ್ತು. ಚಿಕ್ಕವಳಿದ್ದಾಗ ನಿನಗೆ ಫಿಟ್ಸ್ ಬಂದು ಅಪ್ಪ ನಿನ್ನನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಕೊಯಮತ್ತೂರಿಗೆ ಓಡಿದ್ದನ್ನು ಅಮ್ಮ ನೂರು ಸಲ ಹೇಳಿದ್ದಾಳೆ. ಉಳಿಸಿದವರು ಆ ಡಾಕ್ಟರ್. ಅವರು ಬದುಕಿದ್ದಾರೆ ಎಂದು ನೀನು ಸಂತೋಷಪಟ್ಟದ್ದರಲ್ಲಿ ಏನು ತಪ್ಪಿದೆ? ಆದರೆ ಆ ಮಾತು ಬರೆದ ಮರುಕ್ಷಣವೇ ನಾನು ಫೋನ್ ಮಾಡಿ, ಆ ಬೇರೆ ಯಾರೋ ನಮ್ಮಪ್ಪ ಎಂದು ಹೇಗೆ ಹೇಳಲಿ? ಜೀವನಪೂರ್ತಿ ನೀನು ಆ ಸಾಲನ್ನು ಹೊತ್ತುಕೊಂಡಿರುತ್ತೀ. ಸ್ವಲ್ಪ ಹೊತ್ತು ಬಿಟ್ಟು ಮಾಡೋಣ ಎಂದುಕೊಂಡೆ. ಒಳಗೆ ಬಂದಾಗ ಅಮ್ಮ "ಹೇಳಿದ್ಯಾ?" ಎಂದು ಕೇಳಿದಳು. ನನ್ನ ತಲೆ ತಾನಾಗಿಯೇ ಆಡಿತು.

ಆ ಸ್ವಲ್ಪ ಹೊತ್ತು ಆಮೇಲೆ ಬರಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ತಿರುಪ್ಪೂರಿನಿಂದ ಒಂದು ವ್ಯಾನ್ ಬಂತು. ಬನಿಯನ್ ಕಂಪನಿಯಲ್ಲಿ ಹೊಲಿಯುವ ಹೆಂಗಸರು, ಡಾಕ್ಟರ ಹತ್ತಿರ ಮಕ್ಕಳನ್ನು ತೋರಿಸಿದವರು. ಮೊದಲ ಸುದ್ದಿ ನಂಬಿ ಡಾಕ್ಟರ ಹುಟ್ಟೂರಿಗೆ ಹೊರಟವರಿಗೆ ಎರಡನೆಯದು ಮುಟ್ಟಿರಲಿಲ್ಲ. ಇಬ್ಬರು ಹಿಡಿದು ಇಳಿಸಬೇಕಾದಷ್ಟು ದೊಡ್ಡ ಗುಲಾಬಿ ಹಾರ, ಅದಕ್ಕೆ ಡಾಕ್ಟರ ಹೆಸರು ಬರೆದ ರಿಬ್ಬನ್. ಅವರಲ್ಲಿ ಹಿರಿಯಳಾದ ತಂಗಮಣಿ ಎನ್ನುವವಳು ಬಾಗಿಲಲ್ಲಿ, "ಕುಪ್ಪಸಾಮಿ ಐಯಾ ವೀಡುಂಗಳಾ?" ಎಂದು, ಅವರ ಮನೆ ಇದೇನಾ ಎಂದು ಕೇಳಿದಳು. ಗಂಡನ ಹೆಸರು ಬಾಯಲ್ಲಿ ಹೇಳದ ಅಮ್ಮ ಹೌದೆಂದು ತಲೆಯಾಡಿಸಿದಳು. ಹೆಂಗಸರು ಎದೆ ಬಡಿದುಕೊಳ್ಳುತ್ತಾ ಒಳಗೆ ಬಂದವರು ಅಪ್ಪನ ಮುಖ ನೋಡಿ ನಲ್ಲಿ ತಿರುಗಿಸಿದ ಹಾಗೆ ಅಳು ನಿಲ್ಲಿಸಿದರು. ಒಬ್ಬಳಿಗೆ ಸಮಾಧಾನ ತಡೆಯಲಾಗದೆ ನಗುವೇ ಬಂತು, ಸೆರಗು ಬಾಯಿಗೆ ತುರುಕಿಕೊಂಡಳು.

ಹಾರ ಹಿಂದಕ್ಕೆ ಹೋಗುತ್ತದೆ ಎಂದುಕೊಂಡೆ. ತಂಗಮಣಿ ಅಪ್ಪನನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ರಿಬ್ಬನ್ನಿನ ಪಿನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡು, ಹಾರವನ್ನು ಅಪ್ಪನ ಎದೆಯ ಮೇಲಿಟ್ಟಳು. "ಇವರೂ ಯಾರನ್ನೋ ಬಿಟ್ಟು ಹೋಗಿದ್ದಾರಲ್ಲ" ಎಂದು ತಮಿಳಿನಲ್ಲಿ ಜೊತೆಯವರಿಗೆ ಹೇಳಿ, ಅಮ್ಮನ ಪಕ್ಕ ಕೂತು ಮತ್ತೆ ಮೊದಲಿಂದ ಅಳತೊಡಗಿದಳು. ಅಪ್ಪನ ಅಗಲದ ಎದೆ ಪೂರ್ತಿ ಮುಚ್ಚಿಹೋಗಿತ್ತು.

ಡಾಕ್ಟರೂ ಬಂದರು. ಡ್ರೈವರ್ ಇಲ್ಲದೆ, ತಾವೇ ಕಾರು ಓಡಿಸಿಕೊಂಡು. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿ ಬೇಡವೆಂದು ನೆಲದ ಮೇಲೆಯೇ ಕೂತರು. ನನ್ನನ್ನು ಕರೆದು ಹೇಳಿದರು, "ಬೆಳಗ್ಗಿಂದ ಫೋನು ಕಿವಿ ಬಿಟ್ಟಿಲ್ಲ ಅಮ್ಮಣಿ. ಬದುಕಿದೀರಾ ಅಂತ ಕೇಳ್ತಾರೆ. ಬದುಕಿದೀನಿ ಅಂದ್ರೆ ಸಂತೋಷ ಪಟ್ಟು ಇಟ್ಬಿಡ್ತಾರೆ. ಹಾಗಾದ್ರೆ ಹೋದದ್ದು ಯಾರು ಅಂತ ಒಬ್ರೂ ಕೇಳ್ಲಿಲ್ಲ." ಆಮೇಲೆ ಸುತ್ತ ನೋಡಿ, "ದೊಡ್ಡೋಳೆಲ್ಲಿ? ಫಿಟ್ಸ್ ಬರ್ತಿತ್ತಲ್ಲ, ಆ ಕೂಸು?" ಅಂದರು.

ನನ್ನ ತಲೆಯಾಟ ನಂಬಿದ್ದ ಚಿಕ್ಕಪ್ಪ ಹೇಳಿದರು, "ಹೇಳಿದೀವಿ. ಬರಲಿಲ್ಲ."

ನಾನು ಅಲ್ಲೇ ಇದ್ದೆ, ಅಕ್ಕ. ಕಂಬ ಹಿಡಿದುಕೊಂಡು. ಡಾಕ್ಟರ್ "ಹಾಗಾ" ಎಂದು ತಲೆ ತಗ್ಗಿಸಿದರು. ಆ ತಲೆ ತಗ್ಗಿಸಿದ್ದನ್ನು ನನಗೆ ಮರೆಯಲು ಆಗುತ್ತಿಲ್ಲ. ಚಟ್ಟ ಎತ್ತುವಾಗ ಅಮ್ಮ ಒಂದೇ ಒಂದು ಸಲ ರಸ್ತೆಯ ಕಡೆ ನೋಡಿದಳು. ಎದುರುಮನೆ ಅಜ್ಜಿ ಎಲ್ಲರಿಗೂ ಕೇಳುವ ಹಾಗೆ, "ಹೆತ್ತೋನ ಬಾಯಿಗೆ ಅಕ್ಕಿ ಹಾಕೋಕೂ ಬರದ ಮಗಳು" ಅಂದರು. ಅವತ್ತಿನಿಂದ ಮಾತಾಡಿಸಲು ಬಂದವರೆಲ್ಲ ಅದನ್ನೇ ಬೇರೆ ಬೇರೆ ತರಹ ಹೇಳಿ ಹೋಗುತ್ತಿದ್ದಾರೆ. ಕಲ್ಲುಮನಸ್ಸು ಅನ್ನುತ್ತಾರೆ. ಮೈಸೂರಿನ ಗಾಳಿ ಅನ್ನುತ್ತಾರೆ. ನಾನು ಅವರಿಗೆ ಕಾಫಿ ಲೋಟ ಕೊಟ್ಟು ಒಳಗೆ ಬರುತ್ತೇನೆ.

ಪೋಸ್ಟರಿನ ಚಿತ್ರವನ್ನಾಗಲಿ ಅಪ್ಪನ ಸುದ್ದಿಯನ್ನಾಗಲಿ ಗುಂಪಿಗೆ ಹಾಕಬೇಡಿ, ಬೇರೆಯವರು ಹಾಕಿದರೂ ಅಳಿಸಿಬಿಡಿ ಎಂದು ತಿರುಮಲೈಸಾಮಿ ಅಣ್ಣನ ಅಂಗಡಿಗೇ ಹೋಗಿ ಬೇಡಿಕೊಂಡವಳು ನಾನು. ಅಷ್ಟು ಮಾತಾಡಲು ಬಂತು ನೋಡು. ನಿನಗೆ ನೋವಾಗದಿರಲಿ ಎಂದು ಮಾಡಿದೆ ಎಂದೇ ನಂಬಿದ್ದೆ. ಆದರೆ ಇಷ್ಟು ದಿನ ನಿನ್ನನ್ನು ಬೈಸಿಕೊಳ್ಳಲು ಬಿಟ್ಟು ನಾನು ತಪ್ಪಿಸಿಕೊಂಡದ್ದು ಒಂದು ಫೋನ್ ಕರೆಯಿಂದ. ನಿನ್ನ ಅಳು ಕೇಳುವ ಧೈರ್ಯ ನನಗಿರಲಿಲ್ಲ.

ಇನ್ನೊಂದು ವಿಷಯ ನಿನಗೆ ಗೊತ್ತಿರಬೇಕು. ಅಪ್ಪ ಆ ಗುಂಪಿನಲ್ಲಿ ಏನೂ ಬರೆಯುತ್ತಿರಲಿಲ್ಲ. ಊಟವಾದ ಮೇಲೆ ಸದಸ್ಯರ ಹೆಸರುಗಳನ್ನು ಕೆಳಗಿನವರೆಗೆ ತಳ್ಳಿಕೊಂಡು ಹೋಗಿ, ನಿನ್ನ ಫೋಟೋ ಒತ್ತಿ ದೊಡ್ಡದು ಮಾಡಿ ನೋಡುತ್ತಿದ್ದರು. ಹೋದ ತಿಂಗಳು ನೀನು ಫೋಟೋ ಬದಲಿಸಿದಾಗ, "ಪಾಪುಗೆ ಹಲ್ಲು ಬಂದಿದೆ" ಎಂದು ಗೋಡೆಗೆ ಹೇಳುವ ಹಾಗೆ ಹೇಳಿದರು. ಅಮ್ಮ ಕೇಳಿಸಿಕೊಂಡೂ ಕೇಳಿಸದವಳಂತೆ ತಟ್ಟೆ ತೊಳೆಯುತ್ತಿದ್ದಳು. ಪೊಂಗಲ್‌ಗೆ ನಿನ್ನನ್ನು ಕರೆಯುತ್ತಿದ್ದರೋ ಏನೋ. ಕರೆಯುತ್ತಿದ್ದರು ಎಂದು ಹೇಳಿ ನಿನಗೆ ಸುಳ್ಳು ಸಮಾಧಾನ ಕೊಡಲಾರೆ. ನೋಡುತ್ತಿದ್ದರು, ಅಷ್ಟು ಮಾತ್ರ ನಿಜ.

ಹದಿನಾರನೆಯ ದಿನದ ಕರ್ಮ ಬರುವ ವಾರ ಕಳೆದು ಮಂಗಳವಾರ. ಅಷ್ಟರೊಳಗೆ ತಲುಪಲಿ ಎಂದು ಈ ಕಾಗದವನ್ನು ಇವತ್ತೇ ಕೊರಿಯರ್ ಮಾಡಬೇಕೆಂದಿದ್ದೆ. ಲಕೋಟೆಯ ಮೇಲೆ ನಿನ್ನ ವಿಳಾಸವನ್ನೂ ಬರೆದೆ. ಬರೆಯುವಾಗ, ಬಾಗಿಲಲ್ಲಿ ಯಾರೋ ಅಪರಿಚಿತ ಹುಡುಗ ಸಹಿ ಹಾಕಿಸಿಕೊಂಡು ಇದನ್ನು ನಿನ್ನ ಕೈಗೆ ಕೊಟ್ಟು ಹೋಗುವುದು ಕಣ್ಣಿಗೆ ಕಟ್ಟಿತು. ಪಾಪು ಕಾಲಿಗೆ ತೊಡರುತ್ತಿರುತ್ತದೆ. ಭಾವ ಆಫೀಸಿನಲ್ಲಿರುತ್ತಾರೆ.

ಬೇಡ. ನಾನೇ ತರುತ್ತೇನೆ. ನಾಳೆ ಬೆಳಗ್ಗೆ ಸತ್ಯಮಂಗಲಕ್ಕೆ ಹೋಗಿ, ಅಲ್ಲಿಂದ ದಿಂಬಂ ಘಾಟಿ ಹತ್ತುವ ಮೈಸೂರು ಬಸ್ಸು ಹಿಡಿಯುತ್ತೇನೆ. ಒಬ್ಬಳೇ ಅಷ್ಟು ದೂರ ಹೋಗಿಲ್ಲ, ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳಲೂ ಹಿಂಜರಿಯುವವಳು ನಾನು. ಆದರೂ ಹೊರಡುವ ಮೊದಲು ಚಿಕ್ಕಪ್ಪನ ಮನೆಗೆ ಹೋಗಿ, ಜಯಕ್ಕನಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾದವಳು ನಾನು, ಹೇಳಲಿಲ್ಲ ಎಂದು ಅವರ ಎದುರಿಗೆ ನಿಂತು ಹೇಳಿ ಬರುತ್ತೇನೆ. ಅವರು ಎದುರುಮನೆ ಅಜ್ಜಿಗೂ ಹೇಳಲಿ.

ನೀನು ಈ ಸಾಲು ಓದುವಾಗ ನಾನು ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ. ಓದಿ ಮುಗಿಸಿ ನೀನು ನನಗೆ ಹೊಡೆದರೂ ಎದ್ದು ಹೋಗುವುದಿಲ್ಲ. ಆಮೇಲೆ ಇಬ್ಬರೂ ಪಾಪುವನ್ನು ಎತ್ತಿಕೊಂಡು ಊರಿಗೆ ಬರೋಣ.

ನಿನ್ನ ತಂಗಿ,
ತೆನ್ಮೊಳಿ

ಮರೆತ ಮಾತು: ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾಗ ಅಮ್ಮ ಬಾಗಿಲು ತಳ್ಳಿಕೊಂಡು ಬಂದಳು. ಎಲ್ಲಿಗೆ ಎಂದು ಕೇಳಲಿಲ್ಲ. ನೀನು ಗುಂಪಿನಲ್ಲಿ ಬರೆದದ್ದನ್ನು ಅವಳು ಸೋಮವಾರವೇ ಅಪ್ಪನ ಫೋನಿನಲ್ಲಿ ಓದಿದ್ದಳಂತೆ. ನಾನು ತಲೆಯಾಡಿಸಿದ್ದು ಸುಳ್ಳೆಂದೂ ಆಗಲೇ ತಿಳಿದಿತ್ತಂತೆ. ಮತ್ತೆ ಯಾಕಮ್ಮ ನೀನೂ ಹೇಳಲಿಲ್ಲ ಎಂದೆ. ನನ್ನ ದಾವಣಿ ಮಡಿಸುತ್ತಾ ಅಂದಳು, "ಅವಳಿಗೆ ಗೊತ್ತಾಗೋ ತನಕ, ಒಂದು ಮನೇಲಾದ್ರೂ ಅವರು ಬದುಕಿರ್ಲಿ ಅಂತ."