ತಲೆಯೊಳಗಿನ ತಾಯಿ

ಮಾರ್ಚ್ ೧೪, ಗುರುವಾರ

ಡಾಕ್ಟರಮ್ಮ ಹೇಳಿದ ಮಾತು ಇನ್ನೂ ಮನಸ್ಸಿನಲ್ಲಿ ಸುತ್ತುತ್ತಿದೆ. ನಿನ್ನೆ ಸಂಜೆ ಮಗಳು ಬಸ್ಸಿನ ಮೆಟ್ಟಿಲಿಂದ ಜಾರಿ ತಲೆಗೆ ಪೆಟ್ಟು ಮಾಡಿಕೊಂಡಳು. ಬೆಳಗಿನ ಜಾವ ಆಪರೇಷನ್ ಮುಗಿಸಿ ಬಂದ ಡಾಕ್ಟರಮ್ಮ, "ಉಳಿದಳು ಕಣಮ್ಮಾ. ರಕ್ತ ಹೊರಗಿನ ಪೊರೆ ಮೇಲೇ ನಿಂತಿತ್ತು, ಮಿದುಳಿಗೆ ಇಳಿದಿಲ್ಲ" ಅಂದರು. ಆ ಪೊರೆಯ ಹೆಸರು ಡ್ಯೂರಾ ಮೇಟರ್ ಅಂತೆ. ಲ್ಯಾಟಿನ್ ಭಾಷೆಯಲ್ಲಿ ಮೇಟರ್ ಅಂದರೆ ತಾಯಿ. ಡ್ಯೂರಾ ಅಂದರೆ ಗಟ್ಟಿ, ಹಾಗಾಗಿ ಇವಳು ಗಟ್ಟಿ ತಾಯಿ. ಕೆಳಗೆ ಮಿದುಳನ್ನು ಅಪ್ಪಿಕೊಂಡ ಇನ್ನೊಂದು ಪೊರೆ, ಮೃದು ತಾಯಿ, ಬೇರೆ ಇದ್ದಾಳಂತೆ.

ತಾಯಿ ಅಂದರೆ ನಾನೊಬ್ಬಳೇ ಅಂದುಕೊಂಡಿದ್ದೆ! ಓದು ಓದು ಅಂತ ಅದೇ ತಲೆಗೆ ಎಷ್ಟು ಸಲ ಮೊಟಕಿದ್ದೇನೋ. ಪಾಪ, ಅದನ್ನೂ ಗಟ್ಟಿ ತಾಯಿಯೇ ತಡೆದುಕೊಂಡಿರಬೇಕು.

ಸಂಜೆ ಮಗಳು ಕಣ್ಣು ಬಿಟ್ಟು, "ಅಮ್ಮಾ, ಕೂದಲೆಲ್ಲ ತೆಗೆದುಬಿಟ್ರಾ?" ಅಂದಳು.

"ತೆಗೆದ್ರು. ಜೀವ ಉಳಿಸಿದಾರಲ್ಲ, ಸುಮ್ನೆ ಮಲಕ್ಕೊಳೇ" ಅಂದೆ. ಅಳುವೂ ನಗುವೂ ಒಟ್ಟಿಗೇ ಬಂತು.

ದೇವರೇ, ನಿನ್ನೆ ರಾತ್ರಿಯೆಲ್ಲ ನಿನ್ನನ್ನು ಕಿವುಡ ಅಂತ ಬೈದೆ. ನೀನೋ, ನಾನು ಕೇಳುವ ಮೊದಲೇ, ಅವಳು ನನ್ನ ಹೊಟ್ಟೆಯಲ್ಲಿದ್ದಾಗಲೇ, ನನ್ನ ಕೈ ಎಟುಕದ ಕಡೆ ಇಬ್ಬರು ತಾಯಂದಿರನ್ನು ಕಾವಲಿಗೆ ಇಟ್ಟಿದ್ದೆ. ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕಣ್ಣು ಎಳೆಯುತ್ತಿದೆ, ಇವತ್ತಿಗೆ ಇದೇ ನನ್ನ ಪ್ರಾರ್ಥನೆ ಅಂತ ತಿಳಿದುಕೋ…