ರಾಜ ಮನೆಗೆ ಓಡಬಾರದು

ಕ್ಯಾನಿಂಗ್ಟನ್, ಪರ್ತ್
19 ಆಗಸ್ಟ್ 1984

ಚಿ. ಅಹಲ್ಯೆಗೆ ಅಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾರ್ಡು ಬಂದು ಎರಡು ವಾರದ ಮೇಲಾಯಿತು. ನಿನ್ನ ಚೆಸ್ ನಡೆ ಬಂದ ದಿನವೇ ಉತ್ತರ ಹಾಕುವ ಅಪ್ಪ ಈ ಸಲ ಯಾಕೆ ಸುಮ್ಮನಿದ್ದಾನೆ ಅಂತ ಅಂದುಕೊಂಡಿರಬಹುದು. ಕ್ಲಿನಿಕ್ಕಿನಲ್ಲಿ ಕೆಲಸ ಜಾಸ್ತಿ ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ಇದು ಫ್ಲೂ ಕಾಲ, ಕೆಮ್ಮುವವರ ಸಾಲು ಬಾಗಿಲಿನಾಚೆಗೂ ಇರುವುದು ನಿಜ. ಆದರೆ ತಡವಾದದ್ದು ಅದಕ್ಕಲ್ಲ. ನಿನ್ನ ನಡೆ ನೋಡಿದ ಮೇಲೆ ನನಗೆ ಪೆನ್ನು ಹಿಡಿಯಲು ಮನಸ್ಸೇ ಬರಲಿಲ್ಲ.

ಚೆಸ್ ಮಣೆ ಊಟದ ಮೇಜಿನ ಪಕ್ಕ, ಕಿಟಕಿಯ ಹತ್ತಿರ ಹಾಗೇ ಇದೆ. ನಿನ್ನ ಅಮ್ಮ ಅದರ ಸುತ್ತ ಧೂಳು ಒರೆಸುತ್ತಾಳೆ, ಕಾಯಿ ಮಾತ್ರ ಮುಟ್ಟುವುದಿಲ್ಲ. "ಈರುಳ್ಳಿ ಹೆಚ್ಚೋ ಚಾಕುನೂ ಬೇರೆ ಇಡ್ತಿದ್ದ ಮನೇಲಿ ಹುಟ್ಟಿ, ಈ ವಯಸ್ಸಲ್ಲಿ ಹುರಿದ ಲಿವರ್ ಬೇಕಂತೆ ನಿಮಗೆ" ಅಂತ ಹಳೇ ರಾಗವನ್ನೇ ಈಗಲೂ ಎಳೆಯುತ್ತಾಳೆ. ಏನು ಮಾಡಲಿ, ಮಣೆಯ ಮೇಲೆ ನಾನು ಸದಾ ಹೂಡುವ ದಾಳಿಯ ಹೆಸರೇ ಹುರಿದ ಲಿವರ್, ಇಟ್ಟವನು ನಾನಲ್ಲ.

ಅದರ ಹುಚ್ಚು ನನಗೆ ಹಿಡಿದದ್ದು ನಾವು ಅಡಿಲೇಡ್‌ನಲ್ಲಿದ್ದಾಗ. ಆಸ್ಪತ್ರೆಯ ಡಾಕ್ಟರುಗಳ ಕೋಣೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರೊಬ್ಬ ಟೀ ಆರುವುದರೊಳಗೆ ನನ್ನನ್ನು ಸೋಲಿಸಿದ. ಆಟ ಇನ್ನೂ ಶುರುವಾಗುವಾಗಲೇ ತನ್ನ ಕುದುರೆಯನ್ನು ತಂದು ನನ್ನ ರಾಜನ ಪಕ್ಕದ ಕಾಲಾಳಿನ ಮೇಲೆ ಬಡಿದಿಟ್ಟ. ಬಿಟ್ಟಿ ಸಿಕ್ಕ ಕುದುರೆ, ಯಾರು ಬಿಡುತ್ತಾರೆ? ರಾಜನಿಂದಲೇ ಹೊಡೆದೆ. ರಾಜ ಹೊರಗೆ ಬಂದದ್ದೇ ತಡ, ಅವನ ಮಂತ್ರಿ, ಒಂಟೆ ಎರಡೂ ಸೇರಿ ಅಟ್ಟಾಡಿಸಿ ಮುಗಿಸಿದವು. ಅವತ್ತಿನಿಂದ ನಾನು ಬೇರೆ ಆಟವೇ ಆಡಿಲ್ಲ. ಬಸ್ಸಿಗೆ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುವ ಪುಕ್ಕಲ ನಾನು. ಕೈಯಲ್ಲಿರುವುದನ್ನು ಕೊಟ್ಟು, ಏನಾಗುತ್ತದೋ ಆಗಲಿ ಅನ್ನುವ ಸುಖ ನನಗೆ ಸಿಕ್ಕಿದ್ದು ಆ ಮಣೆಯ ಮೇಲೆ ಮಾತ್ರ.

ನಿನಗೂ ಅಲ್ಲೇ ಕಲಿಸಿದೆ. ಚಿಕ್ಕವಳಿದ್ದಾಗ ಒಂದು ಸಲ ಮಂತ್ರಿಯನ್ನು ಮುಟ್ಟಿ, ತಪ್ಪಾಯಿತು ಅಂತ ಕೈ ತೆಗೆದೆ. ಮುಟ್ಟಿದ ಕಾಯಿ ನಡೆಸಲೇಬೇಕು ಅಂದೆ. "ಇಟ್ಸ್ ನಾಟ್ ಫೇರ್, ಅಪ್ಪ" ಅಂತ ಬಿಕ್ಕಿ ಬಿಕ್ಕಿ ಅಳುತ್ತಾ ನಡೆಸಿದೆ, ಸೋತೆ. ನಿನ್ನ ಅಮ್ಮ ಅವತ್ತು ನನ್ನ ಜೊತೆ ಮಾತಾಡಲಿಲ್ಲ.

ನೀನು ಬ್ರಿಸ್ಬೇನ್‌ಗೆ ಹೋದ ಮೇಲೆ ಆಟ ಅಂಚೆಯಲ್ಲಿ ನಡೆಯಿತು. ಪ್ರತಿ ಕಾಗದದ ತಾ.ಕ.ದಲ್ಲಿ ಒಂದು ನಡೆ. ಪ್ರತಿ ಆಟದಲ್ಲೂ ನಾನು ಕುದುರೆ ಕೊಟ್ಟೆ, ಪ್ರತಿ ಆಟದಲ್ಲೂ ನೀನು ಸೋಲಿಸಿದೆ. ಗುಟ್ಟು ಹೇಳಿಕೊಟ್ಟವಳೂ ನೀನೇ. ಚೆಕ್ ಬಂದಾಗ ರಾಜ ಹೆದರಿ ಮನೆಗೆ ಓಡಿದರೆ ಸತ್ತ. ಇನ್ನೂ ಮುಂದಕ್ಕೆ ಬಂದು, ಮಣೆಯ ನಡುವೆ ನಿಂತು, ತನ್ನ ಕುದುರೆಯನ್ನು ಕಾಯಬೇಕು. ನೋಡುವವರ ಎದೆ ಝಲ್ಲೆನ್ನುತ್ತದೆ, ಆದರೆ ಹೇಗೋ ಬದುಕಿಕೊಳ್ಳುತ್ತಾನೆ. "ಕಿಂಗ್ ಮಸ್ಟ್ ಬಿ ಬ್ರೇವ್" ಅಂತ ನೀನು ಬರೆದ ಕಾರ್ಡು ಈಗಲೂ ಮಣೆಯ ಕೆಳಗಿದೆ.

ಈ ಸಲದ ಕಾರ್ಡಿನಲ್ಲಿ ನಿನ್ನ ರಾಜ ಮನೆಗೆ ಓಡಿದ್ದಾನೆ. ಇನ್ನು ಮೂರು ನಡೆಗೆ ನಾನು ಗೆದ್ದೆ. ಇಷ್ಟು ವರ್ಷದ ಮೇಲೆ ಗೆಲುವು ಸಿಕ್ಕಿತು ಅಂತ ಕುಣಿದಾಡಬೇಕಿತ್ತು. ಕೂತಲ್ಲೇ ಕೂತೆ. ಇದು ಅರಿಯದೆ ಆದ ತಪ್ಪಲ್ಲ, ಸೋಲಬೇಕೆಂದೇ ಆಡಿದ್ದೀಯ ಅಂತ ಗೊತ್ತಾಯಿತು. ಯಾಕಿರಬಹುದು ಅಂತ ಯೋಚಿಸುತ್ತಲೇ ಊಟಕ್ಕೆ ಎದ್ದೆ. ಸಾರಿಗೆ ಉಪ್ಪಿರಲಿಲ್ಲ.

ಉಪ್ಪಿಲ್ಲದ್ದು ಅದೇ ಮೊದಲಲ್ಲ. ಕೇಳಿದಾಗಲೆಲ್ಲ ನಿನ್ನ ಅಮ್ಮ "ಅಯ್ಯೋ, ಮರೆತ್‌ಬಿಟ್ಟೆ ಕಣ್ರೀ" ಅನ್ನುತ್ತಿದ್ದಳು. ಉಪ್ಪಿನಕಾಯಿ ಜಾಡಿಯೂ ಮಾಯವಾಗಿತ್ತು, ಬೂಸ್ಟು ಬಂದಿತ್ತಂತೆ. ಪಾಪ, ಕಸ್ತೂರಿಗೆ ವಯಸ್ಸಾಯಿತು ಅಂತ ನಾನು ಸಪ್ಪೆ ಸಾರನ್ನೇ ಚೆನ್ನಾಗಿದೆ ಅಂತ ಸುರಿದುಕೊಂಡು ತಿನ್ನುತ್ತಿದ್ದೆ. ಅವತ್ತು ನಿನ್ನ ಕಾರ್ಡು ಕೈಯಲ್ಲಿದ್ದಾಗ ಥಟ್ಟನೆ ಹೊಳೆಯಿತು. ನನ್ನ ಹೃದಯ ಸೋಲುತ್ತಿರುವುದು ನಿಮಗಿಬ್ಬರಿಗೂ ಗೊತ್ತಾಗಿದೆ.

ಈಸ್ಟರ್‌ನಿಂದ ಮುಚ್ಚಿಟ್ಟಿದ್ದೆ. ನಮ್ಮ ಜನ ರೋಗಿಯಿಂದ ಕಾಯಿಲೆ ಮುಚ್ಚಿಡುತ್ತಾರೆ ಅಂತ ಎಷ್ಟು ಮನೆಯವರನ್ನು ಬೈದಿದ್ದೇನೋ. ನಾನು ರೋಗಿಯಾದ ಮೇಲೆ ಮನೆಯವರಿಂದಲೇ ಮುಚ್ಚಿಟ್ಟೆ. ನೀವು, ಗೊತ್ತಿದೆ ಅನ್ನುವುದನ್ನು ನನ್ನಿಂದ ಮುಚ್ಚಿಟ್ಟಿರಿ. ಡಾಕ್ಟರ ಮನೆಯಲ್ಲಿ ಇಂಥ ನಾಟಕ!

"ಯಾವಾಗಿಂದ ಗೊತ್ತು?" ಅಂತ ನಿನ್ನ ಅಮ್ಮನನ್ನು ಕೇಳಿದೆ.

ಸೌಟು ಕೆಳಗಿಟ್ಟಳು. "ಸಾಯಂಕಾಲ ನಿಮ್ಮ ಕಾಲು ಊದ್ಕೊಳ್ಳೋದು ನಂಗೆ ಕಾಣಲ್ವಾ? ಉಮಾಕಾಂತಂಗೆ ಫೋನ್ ಮಾಡಿ ಬಾಯಿ ಬಿಡಿಸ್ದೆ. ನೀವಾಗೇ ಹೇಳ್ತೀರಿ ಅಂತ ಕಾಯ್ತಿದ್ದೆ" ಅಂದಳು. ಅತ್ತಳು. ಆಮೇಲೆ ಇಬ್ಬರೂ ಆ ಸಪ್ಪೆ ಸಾರನ್ನೇ ಊಟ ಮಾಡಿದೆವು.

ಉಮಾಕಾಂತನನ್ನು ಬೈಯಬೇಡ. ಮೈಸೂರಿನಲ್ಲಿ ಜೊತೆಗೆ ಓದಿದವನು, ಬ್ರಿಸ್ಬೇನ್‌ನ ಸನ್ನಿಬ್ಯಾಂಕಿನ ತನ್ನ ಮನೆಯಲ್ಲಿ ಭಾನುವಾರ ನಿನಗೆ ಊಟ ಹಾಕುವವನು, ಅದರ ಮೇಲೆ ಹೃದಯದ ಡಾಕ್ಟರು. ನನ್ನ ರಿಪೋರ್ಟನ್ನು ಇನ್ಯಾರಿಗೆ ಕಳಿಸಲಿ? ಕಸ್ತೂರಿ ಕೇಳಿದರೆ ಅವನು ಸುಳ್ಳು ಹೇಳುವ ಧೈರ್ಯದವನಲ್ಲ.

ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ. ಕತ್ತರಿಸಿ ಸರಿಮಾಡುವ ಕಾಯಿಲೆಯಲ್ಲ. ಮಾತ್ರೆ ಇದೆ, ಉಪ್ಪಿಲ್ಲದ ಊಟ ಇದೆ. ವರ್ಷಗಳೂ ಆಗಬಹುದು, ಅಷ್ಟು ಆಗದೆಯೂ ಇರಬಹುದು. ನೋವಿಲ್ಲ, ಸುಸ್ತು ಮಾತ್ರ. ಕಾರಿನಿಂದ ಬಾಗಿಲಿನವರೆಗೆ ಬರುವುದರೊಳಗೆ ಒಂದು ಕಡೆ ನಿಲ್ಲುತ್ತೇನೆ, ಗುಲಾಬಿ ಗಿಡ ನೋಡುವವನ ಹಾಗೆ. ಎದುರು ಮನೆಯವರು ನನಗೆ ಹೂವಿನ ಮೇಲೆ ಬಹಳ ಪ್ರೀತಿ ಅಂದುಕೊಂಡಿದ್ದಾರೆ.

ನಿನ್ನ ಹವಳದ ತೊಟ್ಟಿಗಳು ಹೇಗಿವೆ? ಮೂರು ವರ್ಷ ಹವಳ ಸಾಕಿದ್ದೀಯ, ಇನ್ನೊಂದು ವರ್ಷದಲ್ಲಿ ನಿನ್ನ ರಿಸರ್ಚ್ ಮುಗಿಯುತ್ತದೆ. ಸೇಂಟ್ ಲೂಸಿಯಾದ ನಿನ್ನ ಯೂನಿವರ್ಸಿಟಿಗೆ ದೋಣಿಯಲ್ಲಿ ಓಡಾಡುವಾಗ ಕಿವಿಗೆ ಏನಾದರೂ ಕಟ್ಟಿಕೋ ಅಂತ ನಿನ್ನ ಅಮ್ಮ ಹೇಳಿದ್ದಾಳೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಹಿಡಿದ ಕೆಲಸ ಕೈಗೂಡಲಿ. ಉತ್ತರ ನಿನ್ನ ಇಂಗ್ಲಿಷಿನಲ್ಲೇ ಬರೆ, ನಿಜ ಬರೆದರೆ ಸಾಕು.

ನಿನ್ನ ಅಪ್ಪ,
ಸತ್ಯನಾರಾಯಣ

ತಾ.ಕ. ಇಲ್ಲಿ ನನ್ನ ನಡೆ ಇರಬೇಕಿತ್ತು, ಈ ಸಲ ಇಲ್ಲ. ಗುರುವಾರ ಉಮಾಕಾಂತ ಫೋನ್ ಮಾಡಿದ್ದ. "ಅಹಲ್ಯಾ ರಿಸರ್ಚ್ ಬಿಟ್ಟು ಪರ್ತ್‌ಗೆ ಬಂದ್ಬಿಡ್ತೀನಿ ಅಂತ ಪ್ರೊಫೆಸರಿಗೆ ಕಾಗದ ಕೊಟ್ಟಿದಾಳಂತೆ ಕಣೋ, ನೀನೇ ಕರೆಸ್ಕೊಂಡ್ಯಾ?" ಅಂದ. ಕೇಳಿದ ತಕ್ಷಣ ನನಗೇನಾಯಿತು ಗೊತ್ತಾ? ಸಂತೋಷವಾಯಿತು. ಬರಲಿ, ಬೇಗ ಬರಲಿ ಅನಿಸಿತು. ಬಹಳ ದಿನದ ಮೇಲೆ ಅವತ್ತು ಕಣ್ತುಂಬ ನಿದ್ದೆ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಯ ಹತ್ತಿರ ನಿನ್ನ ರಾಜ ಮನೆ ಸೇರಿ ನಿಂತಿದ್ದ, ನನಗೆ ನಾಚಿಕೆಯಾಯಿತು. ಮನಸ್ಸು ಮತ್ತೆ ಆಸೆಪಡುವ ಮೊದಲು ಇದನ್ನು ಅಂಚೆ ಡಬ್ಬಿಗೆ ಹಾಕಿಬಿಡುತ್ತೇನೆ. ಪ್ರೊಫೆಸರಿಗೆ ಕೊಟ್ಟ ಕಾಗದವನ್ನು ಹಿಂದಕ್ಕೆ ಕೇಳು. ರಾಜನನ್ನು ಮುಂದಕ್ಕೆ ನಡೆಸಿ ಹೊಸ ಕಾರ್ಡು ಹಾಕು. ಮುಟ್ಟಿದ ಕಾಯಿ ನಡೆಸಲೇಬೇಕು ಅಂತ ನಿನ್ನನ್ನು ಅಳಿಸಿದ ಅಪ್ಪನೇ ಕೇಳುತ್ತಿದ್ದೇನೆ, ಈ ಒಂದು ಸಲ ವಾಪಸ್ ತಗೋ ಮಗಳೇ. ನಾನು ಇನ್ನೂ ನನ್ನ ಕಾಯಿ ಮುಟ್ಟಿಲ್ಲ.