ಹಾಜರಿ ಬರೆಯುವವನ ಗೈರುಹಾಜರಿ

ವೆಲ್ಡನ್ ಫೋರ್ಕ್, ನೆಬ್ರಾಸ್ಕ
ನವೆಂಬರ್ 23, ಭಾನುವಾರ, ಊಟದ ನಂತರ

ನನ್ನ ಟ್ರೂಡಿ,

ಹೇಗಿದ್ದೀಯ ಮಗಳೇ? ಅಕ್ಟೋಬರಿನಲ್ಲಿ ಹಿಡಿದ ಕೆಮ್ಮು ಬಿಟ್ಟಿತೇ? ನೀನು ಕಲ್ಲುಮಣ್ಣು ಅಗೆಯಲು ಹೋದ ಅಲಾಸ್ಕದ ಚಳಿಯ ಸುದ್ದಿ ಟೀವಿಯಲ್ಲಿ ಬಂದಾಗಲೆಲ್ಲ ನಿನ್ನ ಅಮ್ಮ ನನ್ನನ್ನೇ ದುರುಗುಟ್ಟಿ ನೋಡುತ್ತಾಳೆ, ಅಲಾಸ್ಕವನ್ನು ಅಷ್ಟು ದೂರ ಒಯ್ದು ಇಟ್ಟವನು ನಾನೇ ಎಂಬಂತೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಅವಳ ಮಂಡಿ ಮೆಟ್ಟಿಲು ಕಂಡರೆ ಮಾತ್ರ ನೋಯುತ್ತದೆ. ನನ್ನ ರಕ್ತದೊತ್ತಡ ನಮ್ಮ ಕ್ರೇನ್ಸ್ ಫುಟ್‌ಬಾಲ್ ತಂಡ ಸೋತಾಗ ಮಾತ್ರ ಏರುತ್ತದೆ, ಅಂದರೆ ಈ ವರ್ಷ ಇಳಿಯಲು ಅದಕ್ಕೆ ಪುರುಸೊತ್ತೇ ಸಿಕ್ಕಿಲ್ಲ. ಮೂವತ್ತೆಂಟು ವರ್ಷ ಊರವರ ಕಾಗದಗಳನ್ನು ಮನೆಮನೆಗೆ ಹಂಚಿದವನು ಸ್ವಂತ ಮಗಳಿಗೆ ಒಂದು ಕಾಗದ ಬರೆದವನಲ್ಲ. ಏಳು ವರ್ಷದಿಂದ ಫೋನಿನಲ್ಲಿ ಹಿಮ ಬಿತ್ತೇ, ಗಾಳಿ ಬೀಸಿತೇ ಎಂಬುದು ಬಿಟ್ಟು ನಾವು ಬೇರೇನೂ ಮಾತಾಡಿಲ್ಲ. ಈಗ ಹೇಳಬೇಕಾದದ್ದು ಫೋನಿನಲ್ಲಿ ಬಾಯಿಗೆ ಬರುವುದಿಲ್ಲ, ಅದಕ್ಕೇ ಪೆನ್ನು ಹಿಡಿದು ಕೂತಿದ್ದೇನೆ. ಅಕ್ಷರ ಕೆಟ್ಟದಾಗಿದ್ದರೆ ನಗಬೇಡ.

ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ನನಗೊಂದು ಕೆಲಸ ಸಿಕ್ಕಿದ್ದನ್ನು ಅಮ್ಮ ಹೇಳಿರಬೇಕು. ಫುಟ್‌ಬಾಲ್ ಹುಡುಗರು ಕ್ಲಾಸಿಗೆ ಹೋಗುತ್ತಾರೋ ಇಲ್ಲವೋ ಎಂದು ಕಣ್ಣಿಡುವ ಕೆಲಸ. ಕೈಯಲ್ಲಿ ಒಂದು ಪಟ್ಟಿ. ಪಾಠ ಶುರುವಾದಾಗ ಒಮ್ಮೆ, ಮುಗಿಯುವಾಗ ಒಮ್ಮೆ ತಲೆ ಎಣಿಸಿ ಗುರುತು ಹಾಕಬೇಕು. ತಡವಾಗಿ ಬಂದರೆ ಬೈಗುಳ. ಬರದೇ ಇದ್ದರೆ ಗೈರು. ಮೂರು ಗೈರಾದರೆ ಮುಂದಿನ ಪಂದ್ಯ ಆಡುವಂತಿಲ್ಲ. ಕೆಲಸ ಕೊಟ್ಟ ರಾಂಡಿ ಕುಬಾಟ್ ಮೊದಲ ದಿನವೇ ಹೇಳಿದ್ದ: "ಹಾರ್ಲನ್, ತಲೆ ಎಣಿಸು ಸಾಕು. ಒಳಗಡೆ ಏನ್ ಹೇಳ್ತಾರೆ ಅಂತ ಕಿವಿ ಕೊಡೋಕೆ ಹೋಗ್ಬೇಡ, ನಿದ್ದೆ ಬರುತ್ತೆ." ನಲವತ್ತೊಂದು ವರ್ಷ ಸ್ಟೇಡಿಯಮ್ಮಿನ ಒಂದೇ ಸಾಲಿನ ಒಂದೇ ಸೀಟಿನಲ್ಲಿ ಕೂತು ಗಂಟಲು ಹರಿದುಕೊಂಡ ನನಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿತ್ತು ಹೇಳು! ಆದರೆ ಒಂದು ವಿಚಿತ್ರ ಗಮನಿಸಿದೆ. ಸ್ಟೇಡಿಯಮ್ಮಿನಿಂದ ಇನ್ನೂರು ಹೆಜ್ಜೆ ದೂರದ ಆ ಕಟ್ಟಡಗಳ ಬಾಗಿಲೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಕಾಗದಗಳನ್ನೂ ನಾನು ಹೊರಗಿನ ಪೆಟ್ಟಿಗೆಗೇ ಹಾಕುತ್ತಿದ್ದೆ.

ನನ್ನ ಪಾಲಿಗೆ ಬಂದದ್ದು ಮಂಗಳವಾರ-ಗುರುವಾರದ ಭೂವಿಜ್ಞಾನದ ಕ್ಲಾಸು. "ಕಲ್ಲಿನ ಕ್ಲಾಸು, ಮೆಲ್ಲಗೆ ಪಾಸು" ಎಂದು ಹುಡುಗರು ಹಾಡುತ್ತಾರೆ. ಮೂವತ್ತೊಂದು ಜನರಲ್ಲಿ ಒಂಬತ್ತು ಮಂದಿ ನಮ್ಮ ತಂಡದವರು. ಮೂಲೆಯಲ್ಲಿ ಚಾವಣಿಯ ನೀರು ಹಿಡಿಯಲು ಬಕೆಟ್ಟು. ಪಾಠ ಹೇಳುವವಳು ನಿನ್ನ ಪ್ರೊಫೆಸರ್ ಆಪಲ್‌ಗೇಟ್. ಕೂದಲು ಪೂರ್ತಿ ಬೆಳ್ಳಗಾಗಿದೆ. ಕೊರಳಲ್ಲಿ ಇನ್ನೂ ಆ ಭೂತಗನ್ನಡಿ ನೇತಾಡುತ್ತದೆ. ಮೊದಲ ವಾರ ನಾನು ಕಿಟಕಿಯಿಂದ ಹೊಸ ಸ್ಕೋರ್‌ಬೋರ್ಡು ನೋಡುತ್ತಾ ಕಾಲ ಕಳೆದೆ. ನಮ್ಮ ಹಳೆಯ ಅಂಚೆ ಕಚೇರಿಗಿಂತ ಅದು ದೊಡ್ಡದು, ಆಣೆ ಮಾಡಿ ಹೇಳುತ್ತೇನೆ. ಎರಡನೇ ವಾರ ಅವಳು, ನಾವು ಕೂತ ಈ ಜಾಗದಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು ಎಂದಳು. ನನಗೆ ಸಿಟ್ಟು ಬಂತು. ಎಪ್ಪತ್ತೊಂದು ವರ್ಷ ಇದೇ ಊರಲ್ಲಿ ಬದುಕಿದ್ದೇನೆ, ಯಾರೊಬ್ಬರೂ ನನಗೆ ಹೇಳಲಿಲ್ಲವಲ್ಲ ಎಂದು. ಆಮೇಲೆ ಮಂಗಳವಾರ ಯಾವಾಗ ಬರುತ್ತದೋ ಎಂದು ಕಾಯತೊಡಗಿದೆ. ನೀನು ನಗುತ್ತಿದ್ದೀ, ಇಲ್ಲಿಂದಲೇ ಗೊತ್ತಾಗುತ್ತದೆ.

ಹೋದ ಮಂಗಳವಾರದ ಪಾಠ ನಮ್ಮ ನದಿಯಂಚಿನ ಹಳದಿ ದಿಬ್ಬಗಳದು. ಅವೆಲ್ಲ ಗಾಳಿ ಹೊತ್ತು ತಂದು ಸುರಿದ ದೂಳಂತೆ. ಅವಳು ಆ ಮಣ್ಣನ್ನು ಒಂದು ಜಾಡಿಯಲ್ಲಿ ತುಂಬಿ ತಂದಿದ್ದಳು. "ಚಿಟಿಕೆ ತಗೊಂಡು ಮುಂದಿನ ಹಲ್ಲಲ್ಲಿ ಕಡೀರಿ. ನುಣ್ಣಗಿದ್ರೆ ಜೇಡಿ, ಕರಕರ ಅಂದ್ರೆ ಗಾಳಿ ತಂದಿದ್ದು. ಹೆದರ್ಬೇಡಿ, ನಾನು ಮೂವತ್ತು ವರ್ಷದಿಂದ ತಿಂತಾ ಇದೀನಿ, ಇನ್ನೂ ಸತ್ತಿಲ್ಲ" ಎಂದಳು. ಜಾಡಿ ಸಾಲಿನಿಂದ ಸಾಲಿಗೆ ದಾಟಿ ಕೊನೆಯಲ್ಲಿ ಕೂತ ನನ್ನ ಕೈಗೂ ಬಂತು. ನಾನೂ ಕಡಿದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ನನಗೆ ಬಾಯಿಯೇ ಕೆಸರಾಯಿತು. ಆಗ ನೆನಪಾದವಳು ನೀನು, ಟ್ರೂಡಿ. ಇದೇ ಕ್ಲಾಸಿಗೆ ಸೇರಿದ ಮೊದಲ ವರ್ಷ ಹಾಸ್ಟೆಲಿನಿಂದ ರಜಕ್ಕೆ ಬಂದವಳು ಹಿತ್ತಿಲ ಮಣ್ಣನ್ನು ಹಲ್ಲಿಗಿಟ್ಟುಕೊಂಡು ಓಡಿ ಬಂದು, "ಅಪ್ಪಾ, ಕರಕರ ಅನ್ನುತ್ತೆ ನೋಡು, ನೀನೂ ತಿನ್ನು!" ಅಂದಿದ್ದೆ. ನಾನು ಟೀವಿಯ ಸದ್ದು ಜೋರು ಮಾಡಿದ್ದೆ. ಪಂದ್ಯದ ಕೊನೆಯ ಎರಡು ನಿಮಿಷ ಉಳಿದಿತ್ತು ಎಂಬುದು ನನಗೆ ನೆನಪಿದೆ, ಯಾವ ಪಂದ್ಯ ಎಂಬುದು ನೆನಪಿಲ್ಲ.

ಗುರುವಾರ ಬೆಳಗ್ಗೆ ಕಾಫಿ ಅಂಗಡಿಯಲ್ಲಿ ಊರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿತ್ತು. ಎಪ್ಪತ್ತೆರಡನೇ ನಂಬರಿನ ಒಡೆಲ್ ಪರ್ವಿಸ್ ಶನಿವಾರ ಆಡುವುದಿಲ್ಲ, ಮೂರನೇ ಗೈರಾಗಿದೆಯಂತೆ. ಎದುರಾಳಿಗಳನ್ನು ಗೋಡೆಯಂತೆ ತಡೆದು ನಿಲ್ಲಿಸುವ ಹುಡುಗ. ಇದು ಅವನ ಕೊನೆಯ ವರ್ಷ, ನಮ್ಮೂರಿನಲ್ಲಿ ಅವನ ಕೊನೆಯ ಪಂದ್ಯ. ಆ ದಿನ ಹೊರಟುನಿಂತ ಹುಡುಗರು ತಾಯಿತಂದೆಯರ ಕೈ ಹಿಡಿದು ಮೈದಾನದ ನಡುವೆ ನಡೆಯುತ್ತಾರೆ, ನಿನಗೆ ಗೊತ್ತಲ್ಲ. ಒಡೆಲ್‌ನ ತಾಯಿ ಮಿಸಿಸಿಪ್ಪಿಯ ಒಂದು ವೃದ್ಧಾಶ್ರಮದಲ್ಲಿ ರೋಗಿಗಳನ್ನು ನೋಡಿಕೊಳ್ಳುವವಳು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಮಗನ ಆಟ ನೋಡಿದವಳಲ್ಲ. ಈ ಸಲ ರಜೆ ಗಿಟ್ಟಿಸಿ ಆಗಲೇ ಬಸ್ಸು ಹತ್ತಿದ್ದಳು. ಶಿಸ್ತು ತಪ್ಪಿದ್ದಕ್ಕೆ ಹೊರಗೆ ಕೂರಿಸಿದ ಹುಡುಗ ಸಮವಸ್ತ್ರ ತೊಡುವಂತಿಲ್ಲ, ಮೈದಾನಕ್ಕೂ ಇಳಿಯುವಂತಿಲ್ಲ. ಅಂಗಡಿಯ ಮಾಲೀಕ ನನ್ನ ಬೆನ್ನು ತಟ್ಟಿ, "ಏನ್ ಮಾಡೋಕಾಗುತ್ತೆ ಹಾರ್ಲನ್, ನಿನ್ ಕೆಲ್ಸ ನೀನ್ ಮಾಡ್ದೆ" ಅಂದ. ನನ್ನ ಕೆಲಸ! ಮಂಗಳವಾರದ ಪಟ್ಟಿ ತೆಗೆದು ನೋಡಿದೆ. ಶುರುವಿನಲ್ಲಿ ಎಂಟು ಜನ, ಒಡೆಲ್ ಇಲ್ಲ. ಅದು ಸರಿ, ಅವನು ಬಂದಿರಲಿಲ್ಲ. ಕೊನೆಯಲ್ಲೂ ಎಂಟು ಎಂದು ಬರೆದಿದ್ದೆ. ಆದರೆ ಆ ಹೊತ್ತಿಗೆ ನಾನು ತಲೆ ಎತ್ತಿರಲೇ ಇಲ್ಲ. ಬಾಯಲ್ಲಿ ಮಣ್ಣು, ತಲೆಯಲ್ಲಿ ದಿಬ್ಬ. ಕೈ ತಾನಾಗಿ ಮೇಲಿನ ಗುರುತನ್ನೇ ಕೆಳಗೂ ಇಳಿಸಿತ್ತು. ಅವನು ಬಂದಿದ್ದನೋ ಇಲ್ಲವೋ, ದೇವರಾಣೆಗೂ ನನಗೆ ಗೊತ್ತಿರಲಿಲ್ಲ.

ಸುಳ್ಳು ಹೇಳುವುದಿಲ್ಲ. ಒಂದು ಗಂಟೆ ಟ್ರಕ್ಕಿನಲ್ಲಿ ಕೂತು ಸುಮ್ಮನಿದ್ದುಬಿಡೋಣ ಎಂದುಕೊಂಡೆ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಊರಿನ ನಗೆಪಾಟಲು ಬೇರೆ. ಆದರೆ ಆ ತಾಯಿ ಬಸ್ಸಿನಲ್ಲಿದ್ದಾಳೆ ಎಂಬುದು ತಲೆಯಿಂದ ಹೋಗಲಿಲ್ಲ. ಎದ್ದು ಹೋಗಿ ಹುಡುಗನನ್ನು ಹುಡುಕಿದೆ. ಅಭ್ಯಾಸದ ಮೈದಾನದ ಹೊರಗೆ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. "ಮಂಗಳವಾರ ಕ್ಲಾಸಿಗೆ ಬಂದಿದ್ಯೇನಪ್ಪಾ?" ಎಂದೆ. "ಬಂದಿದ್ದೆ ಸಾರ್. ಹತ್ತು ನಿಮಿಷ ಲೇಟು. ರಾಂಡಿ ಸಾರ್‌ಗೂ ಹೇಳ್ದೆ. ಪಟ್ಟಿ ಬರಿಯೋ ಅಂಚೆ ತಾತ ನಮ್ ತಂಡಕ್ಕೆ ಪ್ರಾಣ ಕೊಡೋ ಮನುಷ್ಯ, ಅವ್ರ್ಯಾಕೆ ನಿನ್ ಮೇಲೆ ಸುಳ್ಳು ಬರೀತಾರೆ ಅಂದ್ರು." ಎಲ್ಲಿ ಕೂತಿದ್ದೆ ಎಂದು ಕೇಳಿದೆ. "ನಿಮ್ ಮುಂದೇನೇ ಸಾರ್. ಸ್ವಲ್ಪ ಪಕ್ಕಕ್ಕೆ ಸರಿಯಪ್ಪಾ, ಬೋರ್ಡು ಕಾಣ್ತಿಲ್ಲ ಅಂತ ನನ್ ಬೆನ್ನಿಗೆ ಎರಡು ಸಲ ತಿವಿದ್ರಲ್ಲ. ಜಾಡಿ ಕೊಟ್ಟವ್ನೂ ನಾನೇ. ನೀವು ಬಾಯಿಗೆ ಹಾಕ್ಕೊಂಡು, ಥೇಟ್ ನಮ್ಮ ವರ್ನಾ ಮಾಡೋ ಪೈ ಥರಾನೇ ಇದೆ ಅಂದ್ರಿ." ನಿನ್ನ ಅಮ್ಮನಿಗೆ ಈ ಸಾಲು ತಿಳಿಯದಿರಲಿ. ನಲವತ್ತೊಂದು ವರ್ಷದ ಅಭಿಮಾನಿ, ಆರೂವರೆ ಅಡಿಯ ಎಪ್ಪತ್ತೆರಡನೇ ನಂಬರನ್ನು ಮೂಗಿನ ಮುಂದೆ ಇಟ್ಟುಕೊಂಡು ಕಾಣಲಿಲ್ಲ! ಅವನ ಬೆನ್ನು ಪಾಠಕ್ಕೆ ಅಡ್ಡ ಎಂದು ಬೈದುಕೊಂಡಿದ್ದೆ.

ಅಲ್ಲಿಂದ ನೇರ ರಾಂಡಿಯ ಕೋಣೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಅವನು ನನ್ನ ಪಟ್ಟಿ ಕಿತ್ತುಕೊಂಡು ಎರಡು ಸಲ ಓದಿದ. ಆಮೇಲೆ, "ಹಾರ್ಲನ್, ನಿನಗೆ ಸಂಬಳ ಕೊಡ್ತಿರೋದು ಮಣ್ಣು ತಿನ್ನೋಕಾ?" ಅಂದ. ಒಡೆಲ್‌ನ ಹೆಸರು ಅಲ್ಲೇ ತಿದ್ದಿದ. ನನ್ನ ಕೆಲಸವೂ ಅಲ್ಲೇ ಮುಗಿಯಿತು, ನ್ಯಾಯವಾಗಿಯೇ. ಹೊರಡುವಾಗ ಸುಮ್ಮನಿರಲಾರದೆ ಕೇಳಿದೆ, ಅಷ್ಟು ದೊಡ್ಡ ಸ್ಕೋರ್‌ಬೋರ್ಡು ಹಾಕಿಸಿದವರಿಗೆ ಆ ಕ್ಲಾಸಿನ ಸೋರುವ ಚಾವಣಿ ಸರಿಮಾಡಿಸಲು ಆಗುವುದಿಲ್ಲವೇ ಎಂದು. "ಅದಕ್ಕೆ ನಮ್ಮ ದುಡ್ಡು ಹೋಗಲ್ಲ. ಅಂಗಳ ಒಂದೇ, ಬಾವಿ ಎರಡು. ನಮ್ಮ ಬಾವಿ ತುಂಬ್ಸೋರು ನಿಮ್ಮಂಥ ಅಭಿಮಾನಿಗಳು, ಟೀವಿಯವ್ರು. ಅವ್ರ ಬಾವಿಗೆ ಯಾರೂ ಕೊಡ ಹಿಡ್ಕೊಂಡು ಬರಲ್ಲ" ಅಂದ. ಕೆಟ್ಟವನಲ್ಲ ಅವನು, ಇದ್ದದ್ದನ್ನೇ ಹೇಳಿದ. ಆದರೆ ಈ ನಲವತ್ತೊಂದು ವರ್ಷ ನಾನು ಟಿಕೆಟ್ಟಿಗೆ ಕೊಟ್ಟದ್ದರಲ್ಲಿ ಒಂದು ಪಾಲಾದರೂ ಪಾಠಕ್ಕೆ ಹೋಗುತ್ತಿದೆ ಎಂದೇ ನಂಬಿದ್ದೆ. ಒಮ್ಮೆಯೂ ಕೇಳಿರಲಿಲ್ಲ. ನಿನಗೆ ಇದೆಲ್ಲ ಗೊತ್ತಿತ್ತು, ಅಲ್ಲವೇ?

ಇನ್ನೊಂದು ತಪ್ಪು ಮಾಡಿದ್ದೇನೆ, ಹೇಳಿಬಿಡುತ್ತೇನೆ. ಸ್ಟೇಡಿಯಮ್ಮಿನಲ್ಲಿ ನನ್ನ ಪಕ್ಕದ ನಿನ್ನ ಸೀಟನ್ನು ಏಳು ವರ್ಷದಿಂದ ಬಿಡದೆ ಇಟ್ಟುಕೊಂಡಿದ್ದೆ, ಕೋಟು ಹಾಸಿ. ನಿನ್ನೆ ಅದರಲ್ಲಿ ಪ್ರೊಫೆಸರ್ ಆಪಲ್‌ಗೇಟ್‌ಳನ್ನು ಕೂರಿಸಿದೆ. ನಾನು ಅವಳ ಪಾಠ ಕೇಳಿದ್ದಕ್ಕೆ ಅವಳು ನನ್ನ ಆಟ ನೋಡಬೇಕು ಎಂದು ಪಂಥ ಕಟ್ಟಿದ್ದೆ. ಮೂವತ್ತು ವರ್ಷದಲ್ಲಿ ಅವಳು ಸ್ಟೇಡಿಯಮ್ಮಿನೊಳಗೆ ಬಂದದ್ದು ಅದೇ ಮೊದಲು. ನಮ್ಮೂರ ವಾಡಿಕೆಯಂತೆ ಚಿಲಿ ಎಂಬ ಖಾರದ ಮಾಂಸದ ಸಾರಿನ ಬಟ್ಟಲಿಗೆ ಸಿಹಿ ದಾಲ್ಚಿನ್ನಿ ರೋಲ್ ಅದ್ದಿ ತಿನ್ನುತ್ತಾ ಪ್ರಶ್ನೆಯ ಮೇಲೆ ಪ್ರಶ್ನೆ. ಅವರು ಯಾಕೆ ನಿಂತರು, ಈಗ ಯಾಕೆ ಎಲ್ಲರೂ ಬೈಯುತ್ತಿದ್ದಾರೆ, ಈ ನಲವತ್ತು ಸಾವಿರ ಜನ ಸೋಮವಾರ ಎಲ್ಲಿಗೆ ಹೋಗುತ್ತಾರೆ? ಅವಳ ವಿಭಾಗವನ್ನು ಮುಂದಿನ ವರ್ಷ ಮುಚ್ಚುತ್ತಾರಂತೆ, ಓದುವವರು ಕಡಿಮೆ ಎಂದು. ಹಾಗಾದರೆ ಫುಟ್‌ಬಾಲ್ ಕಂಡರೆ ನಿನಗೆ ಉರಿಯುತ್ತಿರಬೇಕು ಎಂದೆ. "ಉರಿ ಯಾಕೆ? ಒಡೆಲ್‌ನ ಈ ಊರಿಗೆ ಕರ್ಕೊಂಡು ಬಂದಿದ್ದೇ ಫುಟ್‌ಬಾಲ್. ಆದ್ರೆ ಬಂದವ್ನಿಗೆ ಕೂತ್ಕೊಳ್ಳೋಕೆ ಒಂದು ಕ್ಲಾಸೂ ಇರ್ಬೇಕಲ್ಲ" ಎಂದಳು. ಇದಕ್ಕೆ ಏನು ಉತ್ತರವಿದೆ ಎಂದು ರಾತ್ರಿಯಿಂದ ಯೋಚಿಸುತ್ತಿದ್ದೇನೆ. ನಿನಗೆ ಹೊಳೆದರೆ ಬರೆ. ಒಡೆಲ್‌ನ ಕೈ ಹಿಡಿದು ಅವನ ತಾಯಿ ಮೈದಾನದ ನಡುವೆ ಬಂದಳು. ಇಷ್ಟೇ ಎತ್ತರದ ಹೆಂಗಸು, ಕೆಂಪು ಕೋಟು, ಮಗನ ಮೊಣಕೈಗೆ ತಲೆ ತಾಗುವಷ್ಟು. ನನಗಿಂತ ಮೊದಲು ಎದ್ದು ಕೂಗಿದವಳು ನಿನ್ನ ಪ್ರೊಫೆಸರ್. ನನಗೆ ಅಳು ಬಂತು, ಚಳಿಗಾಳಿ ಎಂದು ಸುಳ್ಳು ಹೇಳಿದೆ. ಮೂರು ಅಂಕದಿಂದ ಸೋತೆವು.

ಮಂಗಳವಾರದಿಂದ ಪಟ್ಟಿಯಿಲ್ಲದೆ ಕ್ಲಾಸಿಗೆ ಹೋಗುತ್ತೇನೆ. ಮುದುಕರಿಗೆ ಅಲ್ಲಿ ಪುಕ್ಕಟೆ, ಅವಳು ಒಪ್ಪಿದ್ದಾಳೆ. ಮುಂದಿನ ಬೆಂಚಿನಲ್ಲೇ ಕೂರುತ್ತೇನೆ, ಯಾರ ಬೆನ್ನೂ ಅಡ್ಡವಿರದಂತೆ. ಈ ಗುರುವಾರ ಹಬ್ಬದ ಟರ್ಕಿ ಕೋಳಿಯ ಊಟಕ್ಕೆ ನೀನಿಲ್ಲ ಎಂದು ಅಮ್ಮ ಈಗಲೇ ಮೂಗು ಒರೆಸಿಕೊಳ್ಳುತ್ತಿದ್ದಾಳೆ. ಎರಡು ಜೊತೆ ಉಣ್ಣೆಯ ಕಾಲುಚೀಲ ಹೆಣೆದಿದ್ದಾಳೆ, ಬೇರೆ ಪೊಟ್ಟಣದಲ್ಲಿ ಬರುತ್ತವೆ, ಹಾಕಿಕೋ. ನಿನ್ನ ಎದೆ ಬೆಚ್ಚಗಿರಲಿ, ಹಲ್ಲು ಗಟ್ಟಿಯಿರಲಿ.

ನಿನ್ನ ಅಪ್ಪ,
ಹಾರ್ಲನ್ ಸ್ಟ್ರೋಬೆಲ್

ಸೋಮವಾರ ಬೆಳಗ್ಗೆ: ಅಂಚೆಯ ಗಾಡಿ ಬೀದಿಯ ತುದಿಗೆ ಬರುವಷ್ಟರಲ್ಲಿ ಕಾಗದ ಹಾಕಬೇಕೆಂದು ಬೇಗ ಎದ್ದು ಇಷ್ಟು ಗೀಚುತ್ತಿದ್ದೇನೆ, ನಿನ್ನೆ ಇದನ್ನು ಬರೆಯಲು ಧೈರ್ಯ ಬರಲಿಲ್ಲ. ಏಳು ವರ್ಷದ ಹಿಂದೆ, ನಿಮ್ಮ ಭೂವಿಜ್ಞಾನ ವಿಭಾಗದ ಬೇಸಿಗೆಯ ಅಗೆತದ ಶಿಬಿರವನ್ನು ದುಡ್ಡಿಲ್ಲವೆಂದು ನಿಲ್ಲಿಸಿದಾಗ, ನಮ್ಮ ಅಭಿಮಾನಿ ಸಂಘದಲ್ಲಿ ಒಂದು ಮಾತು ಹೇಳಪ್ಪಾ ಎಂದು ಕೇಳಲು ನೀನು ಸ್ಟೇಡಿಯಮ್ಮಿನ ಹೊರಗೆ ನನ್ನ ಟ್ರಕ್ಕಿನ ಹತ್ತಿರ ಬಂದಿದ್ದೆ. ನಾನು ಎಲ್ಲರೆದುರು, "ನೀನು ಕಲ್ಲು ನೋಡ್ತಾ ಕೂರೋದನ್ನ ಟಿಕೆಟ್ ಕೊಟ್ಟು ಯಾರು ನೋಡ್ತಾರೆ?" ಎಂದೆ. ಎಲ್ಲರೂ ನಕ್ಕರು. ನೀನು ಕ್ರೇನ್ಸ್ ಟೊಪ್ಪಿಗೆ ತೆಗೆದು ಟ್ರಕ್ಕಿನ ಮೇಲಿಟ್ಟು ಹೋದೆ. ಆ ಪ್ರಶ್ನೆಗೆ ಉತ್ತರ ಸಿಕ್ಕಿದೆ ಟ್ರೂಡಿ. ನಾನು ನೋಡುತ್ತೇನೆ. ಜೂನಿನಲ್ಲಿ ನೀನು ಎಲ್ಲಿ ಅಗೆಯುತ್ತಿರುತ್ತೀಯೋ ತಿಳಿಸು, ಬರುತ್ತೇನೆ. ನಿನ್ನ ಪಕ್ಕದಲ್ಲಿ ಒಂದು ಜಾಗ ಹಿಡಿದಿಡು, ಕೋಟು ಹಾಸಿ.